ರಟ್ಟಿಲ್ಲದ ಹಳೇ ಕಾಮಿಕ್ಸ್ ಯಾವ ಕಾಲದ್ದು? ನಾಯಕಿಯ ಬಟ್ಟೆ ನೋಡಿ

ರದ್ದಿ ಅಂಗಡಿಯಲ್ಲಿ ರಟ್ಟು ಹರಿದ ಸೂಪರ್‌ಹೀರೋಯಿನ್ ಕಾಮಿಕ್ಸ್ ಸಿಕ್ಕರೆ ಕಥೆ ಆಮೇಲೆ ಓದಿ. ಮೊದಲು ಅವಳ ಬಟ್ಟೆ ನೋಡಿ. ಬಳ್ಳಾರಿಯವರಿಗೆ ಇದನ್ನೂ ಹೇಳಿಕೊಡಬೇಕಾ? ಜೀನ್ಸ್ ಹೊಲಿಯುವ ಊರು ನಮ್ಮದು, ಪ್ಯಾಂಟಿನ ಬಾಟಮ್ ನೋಡಿಯೇ ಇದು ಯಾವ ಕಾಲದ ಕಟಿಂಗ್ ಅಂತ ಹೇಳುವವರು ಓಣಿಗೊಬ್ಬರು ಇರ್ತಾರೆ.

ಅಮೆರಿಕದ ಕಾಮಿಕ್ಸಿನ ಸೂಪರ್‌ಹೀರೋಯಿನ್ ವಂಡರ್ ವುಮನ್‌ನಿಂದ ಶುರು ಮಾಡಿ. ಅವಳು ಬಂದದ್ದು 1941ರ ಕೊನೆಗೆ. ಎದೆ ಮೇಲೆ ಚಿನ್ನದ ಹದ್ದು, ಬಿಳಿ ನಕ್ಷತ್ರಗಳ ನೀಲಿ ಲಂಗ. ಸ್ವಲ್ಪ ದಿನಕ್ಕೇ ಲಂಗ ಹೋಗಿ ಚಡ್ಡಿ ಬಂತು. ಬೂಟಿನ ಬದಲು ಕಾಲಿಗೆ ಪಟ್ಟಿ ಸುತ್ತಿದ ಚಪ್ಪಲಿ ಇದ್ದರೆ 1950ರ ದಶಕದ ಆಸುಪಾಸು. ಹದ್ದಿನ ಜಾಗದಲ್ಲಿ ಎರಡು ಡಬ್ಲ್ಯೂ ಇದ್ದರೆ 1982 ಅಥವಾ ಅದರ ಈಚೆಗಿನದು.

ನನಗೆ ಜಾಸ್ತಿ ಇಷ್ಟ ಮಾತ್ರ 1968ರದ್ದು. ಆಗ ಅವಳ ಶಕ್ತಿಯೆಲ್ಲ ಹೋಗಿ, ಕಿರೀಟ ಇಲ್ಲ, ಶತ್ರುಗಳನ್ನು ಕಟ್ಟಿಹಾಕುವ ಹಗ್ಗ ಇಲ್ಲ, ಸುಮ್ನೆ ಒಂದು ಬಟ್ಟೆ ಅಂಗಡಿ ಇಟ್ಟುಕೊಂಡು, ಮೈತುಂಬ ಬಿಳಿ ಪ್ಯಾಂಟ್‌ಸೂಟ್ ಹಾಕಿ ಬರಿಗೈಯಲ್ಲೇ ಹೊಡೆದಾಡ್ತಾಳೆ. ಲಂಡನ್ನಿನ ಹರೆಯದವರ ‘ಮಾಡ್’ (ಮಾಡರ್ನ್) ಫ್ಯಾಷನ್ನಿನ ಕಾಲ ಅದು. ಆದರೆ 1972ರಲ್ಲಿ ಅಮೆರಿಕದ ಸ್ತ್ರೀವಾದಿ ಪತ್ರಿಕೆ ‘ಮಿಝ್’ ಮುಖಪುಟಕ್ಕೆ ಹಾಕಿಕೊಂಡದ್ದು ಹಳೇ ಡ್ರೆಸ್ಸಿನ ವಂಡರ್ ವುಮನ್ನನ್ನೇ. 1973ಕ್ಕೆ ಕಾಮಿಕ್ಸಿನಲ್ಲೂ ಹದ್ದು, ಹಗ್ಗ ವಾಪಸ್. ಅಂದರೆ ಬಿಳಿ ಪ್ಯಾಂಟು ಕಂಡರೆ ಐದೇ ವರ್ಷದೊಳಗೆ ಲೆಕ್ಕ ಸಿಕ್ಕಿತು, ಅಲ್ವಾ?

ಸೂಪರ್‌ಗರ್ಲ್ 1959ರಲ್ಲಿ ನೀಲಿ ಫ್ರಾಕಿನಲ್ಲಿ ಬಂದವಳು. ಸಡಿಲ ತೋಳಿನ ನೀಲಿ ಬ್ಲೌಸು, ಕೆಂಪು ಹಾಟ್ ಪ್ಯಾಂಟು, ಅಂದರೆ ತೀರಾ ಗಿಡ್ಡ ಚಡ್ಡಿ, ಇದ್ದರೆ 1970ರ ದಶಕ. ತಲೆಗೆ ಕೆಂಪು ಪಟ್ಟಿ ಕಟ್ಟಿದ್ದರೆ 1980ರ ದಶಕ. ಜೀನ್ಸಿಗೆ ಜೇಬು ಹೊಲಿಯುವ ನಮ್ಮ ಅತ್ತಿಗೆ ಆ ಹಾಟ್ ಪ್ಯಾಂಟನ್ನು ಕನ್ನಡಕ ಏರಿಸಿ ನೋಡಿ, “ಜೇಬೇ ಇಟ್ಟಿಲ್ಲವಲ್ಲಪ್ಪಾ, ಬಸ್ ಚಾರ್ಜು ಎಲ್ಲಿಡ್ತಾಳೆ?” ಅಂದರು. ಅವಳು ಹಾರ್ತಾಳೆ ಅತ್ತಿಗೆ, ಅಂದೆ.

ಒಂದು ಕಡೆ ಮಾತ್ರ ಹುಷಾರು. ಬಟ್ಟೆ ಹೇಳುವುದು ಚಿತ್ರ ಬರೆದ ಕಾಲವನ್ನು, ಅಚ್ಚಾದ ಕಾಲವನ್ನಲ್ಲ. 1940ರ ದಶಕದ್ದು ಅಂತ ನಾನು ದುಬಾರಿ ಕೊಟ್ಟು ತಂದ ಪುಸ್ತಕ ಮರುಮುದ್ರಣ ಆಗಿತ್ತು. ಮೊದಲ ಪುಟದ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಸಾಮಾನ್ಯವಾಗಿ ತಿಂಗಳು, ವರ್ಷ ಇರುತ್ತೆ. ಅದನ್ನು ಓದದೆ ದುಡ್ಡು ಕೊಡಬೇಡಿ. ರಟ್ಟು ಉಳಿದಿದ್ದರೆ ಬೆಲೆ ನೋಡಿ. ಅಮೆರಿಕದ ಕಾಮಿಕ್ಸ್ ಮೇಲೆ 10 ಸೆಂಟ್ ಅಂತಿದ್ದರೆ ಸಾಮಾನ್ಯವಾಗಿ 1961ರವರೆಗಿನದು, 12 ಸೆಂಟ್ ಅಂದರೆ 60ರ ದಶಕ.

ಮನೆಗೆ ತಂದ ಮೇಲೆ ನಮ್ಮ ಬಿಸಿಲಿಗೆ ಇಡಬೇಡಿ, ಅಗ್ಗದ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತೆ. ಹರಿದ ಕಡೆ ಸೆಲೋ ಟೇಪ್ ಅಂತೂ ಬೇಡವೇ ಬೇಡ. ನನ್ನ ಬಿಳಿ ಪ್ಯಾಂಟಿನ ಸಂಚಿಕೆಗೆ ಹಚ್ಚಿದ್ದೆ. ಈಗ ವಂಡರ್ ವುಮನ್ನಿನ ಒಂದು ಕಾಲು ಬಿಳಿ, ಇನ್ನೊಂದು ಅರಿಶಿನ.