ಕಾಬೂಲಿನ ದುಭಾಷಿಗೆ ಶಿರಸಿಯಲ್ಲಿ ಸಿದ್ಧವಾದ ಕಡತ

ಅಮೆರಿಕದ ಸೇನೆಗೆ ದುಭಾಷಿಯಾಗಿ ದುಡಿದ ಆಫ್ಘನ್ ಯುವಕನೊಬ್ಬ ಹೆಂಡತಿ ಮಕ್ಕಳೊಂದಿಗೆ ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊದಲ್ಲಿ ನೆಲೆಯಾದ. ಅದಕ್ಕೆ ಬೇಕಾದ ಕಾಗದಪತ್ರದ ಕೆಲಸ ಬಹುಪಾಲು ನಡೆದದ್ದು ಶಿರಸಿಯಲ್ಲಿ, ನಮ್ಮ ಮನೆಯ ಜಗಲಿಯ ಮೇಲೆ. ಇಂಥದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಅವನು ಭಾರತ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಧಾರವಾಡದಲ್ಲಿ ಬಿ.ಕಾಂ. ಓದಿದವನು, ನನ್ನ ತಂಗಿಯ ಮಗನ ಸಹಪಾಠಿ. ಮಾರಿಕಾಂಬೆಯ ಜಾತ್ರೆಗೆ ಬಂದಾಗ ನಮ್ಮಲ್ಲೇ ಉಳಿದಿದ್ದ. ಅಳಿಯ ನನ್ನನ್ನು ಮಾವ ಎನ್ನುವುದನ್ನು ಕೇಳಿ ಅವನೂ ಹಾಗೇ ಕರೆಯತೊಡಗಿದ. ಊರಿಗೆ ಮರಳಿ ನಂಗರ್‌ಹಾರ್ ಪ್ರಾಂತದಲ್ಲಿ ಅಮೆರಿಕದ ಒಂದು ತುಕಡಿಯ ಜೊತೆ ವರ್ಷಕ್ಕಿಂತ ತುಸು ಹೆಚ್ಚು ಕಾಲ ದುಭಾಷಿಯಾಗಿದ್ದ. ಸಂಬಳ ಕೊಟ್ಟದ್ದು ಸೇನೆಯಲ್ಲ, ಒಂದು ಗುತ್ತಿಗೆ ಕಂಪನಿ. ಮುಂದಿನ ತೊಂದರೆಗಳಲ್ಲಿ ಅರ್ಧದಷ್ಟು ಇದರಿಂದಲೇ ಹುಟ್ಟಿದವು.

ಇಂಥವರಿಗೆಂದು ಅಮೆರಿಕ 2009ರಲ್ಲಿ ಕಾಯ್ದೆ ಮಾಡಿ ವಿಶೇಷ ವಲಸೆ ವೀಸಾ ಕೊಡಲು ಆರಂಭಿಸಿತು. ನಡುವೆ ಕನಿಷ್ಠ ಸೇವೆಯನ್ನು ಎರಡು ವರ್ಷಕ್ಕೆ ಏರಿಸಿದ್ದರಿಂದ ಅವನು ಹೊರಗುಳಿದ. 2021ರ ಜುಲೈ ಕೊನೆಯಲ್ಲಿ ಅದನ್ನು ಮತ್ತೆ ಒಂದು ವರ್ಷಕ್ಕೆ ಇಳಿಸಿದರು. ಅರ್ಹತೆ ಬಂದ ಎರಡು ವಾರಕ್ಕೆ, ಆಗಸ್ಟ್ 15ರಂದು, ಕಾಬೂಲ್ ತಾಲಿಬಾನ್ ಕೈ ಸೇರಿತು. ಆ ವಾರ ಅವನ ಹೆಂಡತಿ ನೇಮಕ ಪತ್ರ, ಗುರುತಿನ ಚೀಟಿ, ಮೆಚ್ಚುಗೆ ಪತ್ರ ಎಲ್ಲವನ್ನೂ ಒಲೆಗೆ ಹಾಕಿದಳು. ಮನೆ ಮನೆ ಶೋಧವಾಗುತ್ತದೆ ಎಂಬ ಸುದ್ದಿ ಹಬ್ಬಿತ್ತು. ಆ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ನನಗೆ ಈ ಕೆಲಸದ ಅಭ್ಯಾಸ ಬಂದದ್ದು ಕಾಡಿನಿಂದ. ಕಂದಾಯ ಇಲಾಖೆಯಿಂದ ನಿವೃತ್ತನಾದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಅರಣ್ಯ ಅತಿಕ್ರಮಣದಾರರಿಗೆ ಅರ್ಜಿ ಸಿದ್ಧಪಡಿಸಿಕೊಡುತ್ತಿದ್ದೇನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿಗೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನೇ ನಂಬಿ ಬದುಕಿದ್ದಕ್ಕೆ ಸಾಕ್ಷ್ಯ ತೋರಿಸಬೇಕು. ಪಹಣಿಯಿಲ್ಲದವನ ಅಜ್ಜ ಅಲ್ಲಿದ್ದ ಎನ್ನುವುದಕ್ಕೆ ಕಂದಾಯದ ಹಳೆಯ ರಸೀದಿ, ದಂಡ ಕಟ್ಟಿದ ಚೀಟಿ, ಶಾಲೆಯ ದಾಖಲಾತಿ, ಊರ ಹಿರಿಯರ ಲಿಖಿತ ಹೇಳಿಕೆ ಒಂದೊಂದನ್ನೇ ಕೂಡಿಸಬೇಕು. ದುಭಾಷಿಯ ಕಡತವನ್ನೂ ಹಾಗೆಯೇ ಕಟ್ಟಿದೆ. ಒಂದು ಹಾಳೆಯಲ್ಲಿ ಅವನ ಬದುಕನ್ನು ತಿಂಗಳ ಲೆಕ್ಕದಲ್ಲಿ ಬರೆದು, ಪ್ರತಿ ತಿಂಗಳ ಎದುರಿಗೆ ‘ಇದಕ್ಕೆ ಏನು ಆಧಾರ’ ಎಂಬ ಕಲಂ ಇಟ್ಟೆ. ಖಾಲಿ ಉಳಿದ ಕಡೆಗಳನ್ನು ಮಾತ್ರ ಹುಡುಕುತ್ತ ಹೋದೆವು.

ಮುಖ್ಯವಾಗಿ ಬೇಕಾದವು ಮೂರು: ಉದ್ಯೋಗ ಕೊಟ್ಟವರಿಂದ ಸೇವಾ ದೃಢೀಕರಣ, ಅವನ ಕೆಲಸವನ್ನು ಕಣ್ಣಾರೆ ಕಂಡ ಅಮೆರಿಕನ್ ಮೇಲಧಿಕಾರಿಯ ಶಿಫಾರಸು ಪತ್ರ, ಜೀವಕ್ಕೆ ಬೆದರಿಕೆ ಇದೆ ಎಂಬ ಸ್ವಂತ ಹೇಳಿಕೆ. ಕಂಪನಿ ಅಷ್ಟರಲ್ಲಿ ಇನ್ನೊಂದು ಕಂಪನಿಯಲ್ಲಿ ಸೇರಿಹೋಗಿತ್ತು. ಮೇಲಧಿಕಾರಿಯ ಹೆಸರು ಇವನಿಗೆ ಗೊತ್ತಿದ್ದದ್ದು ‘ಕ್ಯಾಪ್ಟನ್ ಮೈಕ್’ ಎಂದಷ್ಟೇ.

ದಾರಿ ತೋರಿಸಿದ್ದು ಅಳಿಯನ ಹಳೆಯ ಮೊಬೈಲ್. ಕೆಲಸಕ್ಕಿದ್ದಾಗ ಸಿಕ್ಕ ಮೆಚ್ಚುಗೆ ಪತ್ರವನ್ನು ಇವನು ಹೆಮ್ಮೆಯಿಂದ ಮೇಜಿನ ಮೇಲಿಟ್ಟು ಚಿತ್ರ ತೆಗೆದು ಗೆಳೆಯನಿಗೆ ಕಳಿಸಿದ್ದ. ಒಂದು ಮೂಲೆ ಮಡಿಚಿ ತಾರೀಖು ಮುಚ್ಚಿತ್ತು, ಪಕ್ಕದಲ್ಲಿ ಚಹಾದ ಗಾಜಿನ ಲೋಟದ ನೆರಳು ಬಿದ್ದಿತ್ತು. ಆದರೆ ತುಕಡಿಯ ಹೆಸರು ಸ್ಪಷ್ಟವಾಗಿತ್ತು, ಸಹಿಯ ಕೆಳಗೆ ಕ್ಯಾಪ್ಟನ್‌ನ ಪೂರ್ಣ ಹೆಸರಿತ್ತು. ಸ್ಯಾಕ್ರಮೆಂಟೊದಲ್ಲಿರುವ ನನ್ನ ಮಗಳು ಲಿಂಕ್ಡ್‌ಇನ್‌ನಲ್ಲಿ ಆ ಹೆಸರಿನವರನ್ನೆಲ್ಲ ಹುಡುಕಿ, ಆ ತುಕಡಿಯಲ್ಲಿದ್ದವರನ್ನು ಸೋಸಿ ಬರೆದಳು. ಉತ್ತರ ಬಂದದ್ದು ಮಧ್ಯರಾತ್ರಿ: “ಅವನು ಬದುಕಿದ್ದಾನೆಯೇ?” ಆ ಮನುಷ್ಯ ಮರುದಿನವೇ ಪತ್ರ ಬರೆದುಕೊಟ್ಟ.

ಆದರೆ ಮೊದಲ ಅರ್ಜಿ ತಿರಸ್ಕೃತವಾಯಿತು. ಕಂಪನಿಯವರ ಪತ್ರದಲ್ಲಿ ಸೇವೆ ಮುಗಿದ ತಾರೀಖೇ ಇರಲಿಲ್ಲ. ಮೇಲ್ಮನವಿಗೆ 120 ದಿನ ಅವಕಾಶ, ಅದೂ ಒಂದೇ ಬಾರಿ. ಇಲ್ಲಿ ನಾನು ಕಂಡುಕೊಂಡದ್ದನ್ನು ಒತ್ತಿ ಹೇಳುತ್ತೇನೆ: ತಿರಸ್ಕಾರದ ಪತ್ರ ಬಂದ ದಿನವೇ ಮೇಲ್ಮನವಿ ಹಾಕಬೇಡಿ, 120 ದಿನವನ್ನು ಸಾಕ್ಷ್ಯ ಕೂಡಿಸಲು ಬಳಸಿ. ನಾವು ಬ್ಯಾಂಕಿನಲ್ಲಿ ಸಂಬಳ ಜಮೆಯಾದ ವಿವರ ತರಿಸಿದೆವು. ಕ್ಯಾಪ್ಟನ್ ಎರಡನೆಯ ಪತ್ರದಲ್ಲಿ ತಿಂಗಳು, ಶಿಬಿರದ ಹೆಸರು, ಇವನು ಯಾವ ಗಸ್ತಿಗೆ ಜೊತೆಗಿದ್ದ ಎಂಬುದನ್ನೆಲ್ಲ ಬರೆದ. ಕಂಪನಿಗೆ ಬರೆದ ಮಿಂಚಂಚೆಗಳನ್ನೂ ಅವರ ಮೌನವನ್ನೂ ದಾಖಲೆಯಾಗಿ ಲಗತ್ತಿಸಿದೆವು. ಮೇಲ್ಮನವಿ ಗೆದ್ದಿತು.

ಹುಟ್ಟಿದ ದಿನದ ಗೊಂದಲ ಬೇರೆ. ಆಫ್ಘನ್ ಗುರುತುಪತ್ರ ‘ತಜ್‌ಕಿರಾ’ದಲ್ಲಿ ‘1385ರಲ್ಲಿ ಹದಿನೇಳು ವರ್ಷ’ ಎಂಬಂತೆ ಬರೆದಿರುತ್ತಾರೆ. ಅದು ಸೌರ ಹಿಜ್ರಿ ವರ್ಷ, ಮಾರ್ಚ್ 21ರ ಸುಮಾರಿಗೆ ಆರಂಭವಾಗುತ್ತದೆ. ಹಾಗಾಗಿ ಇಂಗ್ಲಿಷ್ ಕಾಗದಗಳಲ್ಲಿ ಬಹಳ ಜನರ ಹುಟ್ಟಿದ ದಿನ ಜನವರಿ 1. ನಮ್ಮ ತಲೆಮಾರಿನ ಅದೆಷ್ಟೋ ಮಂದಿಗೆ ಶಾಲೆಯ ಮಾಸ್ತರರು ಜೂನ್ 1 ಬರೆದಿದ್ದಾರಲ್ಲ, ಅದೇ ಬಗೆ. ಧಾರವಾಡದ ಅಂಕಪಟ್ಟಿಯಲ್ಲಿ ಬೇರೆ ದಿನವಿತ್ತು, ಹೆಸರಿನ ಜೊತೆ ತಂದೆಯ ಹೆಸರೂ ಸೇರಿತ್ತು. ಎರಡೂ ಒಬ್ಬನದೇ ಎಂದು ಅವನ ಸಹಿಯ ಘೋಷಣೆ ಬರೆಸಿ, ಕಡತದ ಮೊದಲ ಪುಟವಾಗಿಯೇ ಇಟ್ಟೆ. ವ್ಯತ್ಯಾಸವನ್ನು ಅಧಿಕಾರಿ ಕಂಡುಹಿಡಿಯುವ ಮೊದಲು ನಾವೇ ಹೇಳಿದರೆ ಅನುಮಾನಕ್ಕೆ ಎಡೆ ಇರುವುದಿಲ್ಲ.

ಬೆದರಿಕೆಯ ಹೇಳಿಕೆಯನ್ನು ಅವನೇ ಬರೆಯಬೇಕು ಎಂದು ಹಟ ಹಿಡಿದೆ. ಯಾವ ಸಂಜೆ, ಯಾವ ಬೀದಿ, ಬಂದವರು ಎಷ್ಟು ಜನ, ಏನು ಹೇಳಿದರು, ಅಷ್ಟೇ ಸಾಕು. ರಾತ್ರಿ ಬಾಗಿಲಿಗೆ ಅಂಟಿಸುವ ಬೆದರಿಕೆ ಪತ್ರವನ್ನು ದುಡ್ಡು ಕೊಟ್ಟು ಬರೆಸುವವರು ಅಲ್ಲಿದ್ದರು. ಅಂಥದೊಂದು ಕಡತಕ್ಕೆ ಸೇರಿದರೆ ಉಳಿದ ಸತ್ಯವೂ ಹೋಗುತ್ತದೆ. ಅರ್ಜಿಗೆ ಶುಲ್ಕವೂ ಇರಲಿಲ್ಲ. ದಲ್ಲಾಳಿ ಕೇಳಿದ ಹಣವನ್ನು ಬಾಡಿಗೆಗೆ ಇಟ್ಟುಕೋ ಎಂದೆ.

ಈ ಅವಧಿಯಲ್ಲಿ ಅವನನ್ನು ಇಲ್ಲಿಗೇ ಕರೆಸಿಕೊಳ್ಳಲು ನೋಡಿದೆವು. 2021ರ ಆಗಸ್ಟ್ 25ಕ್ಕೆ ಭಾರತ ಆಫ್ಘನ್ನರ ಹಳೆಯ ವೀಸಾಗಳನ್ನೆಲ್ಲ ರದ್ದು ಮಾಡಿತು. ಇ-ವೀಸಾ ಅರ್ಜಿಗೆ ಉತ್ತರವೇ ಬರಲಿಲ್ಲ. 1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಒಂದು ಕಾಯ್ದೆಯೂ ನಮ್ಮಲ್ಲಿಲ್ಲ. ನಮ್ಮದೇ ಜಿಲ್ಲೆಯ ಮುಂಡಗೋಡಿನಲ್ಲಿ 1966ರಿಂದ ಟಿಬೆಟನ್ನರು ನೆಲೆಸಿದ್ದಾರೆ. ನಮ್ಮ ಮಣ್ಣಿಗೆ ಬಂದವರಿಗೆ ಜಾಗ ಕೊಟ್ಟ ಜಿಲ್ಲೆಯಿದು. ಧಾರವಾಡದಲ್ಲಿ ಓದಿದ ಹುಡುಗನಿಗೆ ಬಾಗಿಲು ತೆರೆಯಲಿಲ್ಲವೆಂಬ ನೋವು ನನಗೆ ಈಗಲೂ ಇದೆ.

ಕಾಬೂಲಿನ ಅಮೆರಿಕನ್ ರಾಯಭಾರ ಕಚೇರಿ ಮುಚ್ಚಿದ್ದರಿಂದ ಸಂದರ್ಶನಕ್ಕೆ ಇಸ್ಲಾಮಾಬಾದಿಗೆ ಹೋಗಬೇಕಾಯಿತು. ಅಲ್ಲಿ ಕಾಯುತ್ತಿದ್ದಾಗಲೇ 2023ರ ನವೆಂಬರ್ 1ರೊಳಗೆ ದಾಖಲೆಯಿಲ್ಲದ ವಿದೇಶಿಯರು ದೇಶ ಬಿಡಬೇಕೆಂದು ಪಾಕಿಸ್ತಾನ ಆದೇಶಿಸಿತು. ಅವನ ಪಾಕಿಸ್ತಾನಿ ವೀಸಾ ಮುಗಿಯುತ್ತ ಬಂದಿತ್ತು. ಪ್ರಕರಣದ ಸಂಖ್ಯೆ ಇರುವ ಪತ್ರದ ಪ್ರತಿಯನ್ನು ಮನೆಯ ಪ್ರತಿಯೊಬ್ಬರ ಕಿಸೆಯಲ್ಲೂ ಇರಿಸಿ ಎಂದೆ, ಚಿಕ್ಕ ಮಗಳ ಕಿಸೆಯಲ್ಲೂ. 2024ರ ಆರಂಭದಲ್ಲಿ ವಿಮಾನ ಹತ್ತಿದರು.

ಈ ವೀಸಾದಲ್ಲಿ ಹೋದದ್ದರಿಂದ ಅವರಿಗೆ ಇಳಿದ ದಿನದಿಂದಲೇ ಕಾಯಂ ನಿವಾಸದ ಹಕ್ಕು ಸಿಕ್ಕಿತು. ಆಗ ಮೊದಲ 90 ದಿನ ಪುನರ್ವಸತಿ ಸಂಸ್ಥೆ ಮನೆ, ಸಾಮಾಜಿಕ ಭದ್ರತಾ ಸಂಖ್ಯೆ, ಮಕ್ಕಳ ಶಾಲೆ ನೋಡಿಕೊಳ್ಳುತ್ತಿತ್ತು. ಮನೆ ಮಾತ್ರ ಸುಲಭಕ್ಕೆ ಸಿಗಲಿಲ್ಲ. ಅಲ್ಲಿ ಸಾಲ ತೀರಿಸಿದ ಇತಿಹಾಸ ನೋಡಿ ಬಾಡಿಗೆಗೆ ಕೊಡುತ್ತಾರೆ, ಹೊಸಬರಿಗೆ ಅದು ಎಲ್ಲಿಂದ ಬರಬೇಕು? ನನ್ನ ಮಗಳು, ಅವಳ ಗಂಡ ಜಾಮೀನು ನಿಂತರು. ಕೆಲಸ ಸಿಕ್ಕಿದ್ದು ಗೋದಾಮಿನ ರಾತ್ರಿ ಪಾಳಿಯಲ್ಲಿ. ಅವನು ಬೇಸರಿಸಲಿಲ್ಲ, ನನಗೆ ಬೇಸರವಾಯಿತು.

ಒಂದು ವಿಷಯ ಎಲ್ಲ ಸಹಾಯಕರೂ ತಿಳಿದಿರಲಿ. ಅವನ ಹೆಂಡತಿಗೆ ಪಶ್ತೊ ಮಾತ್ರ ಬರುತ್ತದೆ. ವೈದ್ಯರ ಬಳಿ ಗಂಡನೇ ಅಥವಾ ದೊಡ್ಡ ಮಗನೇ ಮಾತು ದಾಟಿಸುತ್ತಿದ್ದರು, ಹೆಣ್ಣುಮಗಳು ಹೇಳಬೇಕಾದ್ದನ್ನು ನುಂಗಿಕೊಳ್ಳುತ್ತಿದ್ದಳು. ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು, ಅಲ್ಲಿನ 1964ರ ನಾಗರಿಕ ಹಕ್ಕುಗಳ ಕಾಯ್ದೆ ಅದಕ್ಕೆ ಆಧಾರ. ನನ್ನ ಮಗಳು ಅದನ್ನು ಕೇಳಿ, ಫೋನಿನಲ್ಲಿ ಪಶ್ತೊ ಮಾತಾಡುವ ಹೆಂಗಸನ್ನೇ ಕೊಡಿಸಿದಳು. ಆ ದಿನ ಅವನ ಹೆಂಡತಿ ಬಹಳ ಹೊತ್ತು ಮಾತಾಡಿದಳಂತೆ.

ಅವನ ತಂದೆ ತಾಯಿ, ತಮ್ಮ ಇನ್ನೂ ಪೇಶಾವರದಲ್ಲಿದ್ದಾರೆ. ಅವನ ವೀಸಾದ ಜೊತೆ ಹೋಗಲು ಅವಕಾಶವಿದ್ದದ್ದು ಹೆಂಡತಿಗೆ, 21 ವರ್ಷ ತುಂಬದ ಅವಿವಾಹಿತ ಮಕ್ಕಳಿಗೆ ಮಾತ್ರ. ನಿರಾಶ್ರಿತರ ದಾರಿಯನ್ನು ಅಮೆರಿಕ 2025ರ ಜನವರಿಯಲ್ಲಿ ನಿಲ್ಲಿಸಿತು. ತಮ್ಮನ ಕಾಗದಗಳನ್ನೂ ಅದೇ ಬಗೆಯ ಹಾಳೆಯಲ್ಲಿ ಜೋಡಿಸುತ್ತಿದ್ದೇನೆ. ಧಾರವಾಡ, ಮೈಸೂರು, ಬೆಂಗಳೂರಿನ ಕಾಲೇಜುಗಳಲ್ಲಿ ಆಫ್ಘನ್ ಸಹಪಾಠಿಗಳಿದ್ದವರು ಹಳೆಯ ಮೊಬೈಲ್, ಹಳೆಯ ಮಿಂಚಂಚೆಗಳನ್ನು ಅಳಿಸುವ ಮೊದಲು ಒಮ್ಮೆ ತೆರೆದು ನೋಡಿ. ಅವರು ಅಲ್ಲಿಂದ ಕಳಿಸಿದ ಚಿತ್ರಗಳಿದ್ದರೆ ತಾರೀಖಿನ ಸಮೇತ ಬೇರೆ ಕಡೆಗೂ ಉಳಿಸಿಡಿ.