ನಿಮ್ಮ ಹೋಟೆಲಿಗೆ ಶುಚಿತ್ವದ ರೇಟಿಂಗ್ ಪಡೆಯುವುದು ಹೇಗೆ?

ದಸರಾ ಬಂತೆಂದರೆ ಮೈಸೂರಿನ ಹೋಟೆಲು, ಮೆಸ್‌ಗಳಲ್ಲಿ ಕೂರಲು ಜಾಗ ಸಿಗುವುದಿಲ್ಲ. ಯಾವ ಅಡುಗೆಮನೆ ಚೊಕ್ಕಟವಾಗಿದೆ ಎಂದು ಹೊರ ಊರಿನವರಿಗೆ ಗೊತ್ತಾಗುವುದು ಹೇಗೆ? ಊರಿನವರಿಗೂ ಗೊತ್ತಾಗುವುದಿಲ್ಲ ಅನ್ನಿ. ಅದಕ್ಕೇ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಶುಚಿತ್ವದ ರೇಟಿಂಗ್ ಜಾರಿಗೆ ತಂದಿದೆ. ಜಾಸ್ತಿ ಅಂದರೆ ಐದು ನಗುಮುಖ. ಓದಲು ಬಾರದವರಿಗೂ ಅರ್ಥವಾಗುವ ಗುರುತು.

ಇದೆಲ್ಲ ದೊಡ್ಡ ಹೋಟೆಲುಗಳಿಗೆ ಅಂತ ಸಣ್ಣ ಮೆಸ್‌ನವರು ಹಿಂಜರಿಯುತ್ತಾರೆ. ಹಿಂಜರಿಯುವುದು ಬೇಡ. ನಾಲ್ಕು ಟೇಬಲ್ಲಿನ ಹೋಟೆಲಿನಲ್ಲಿ ಯಜಮಾನರ ಕಣ್ಣು ಒಲೆಯ ಮೇಲೂ ಇರುತ್ತದೆ, ಗಲ್ಲಾದ ಮೇಲೂ ಇರುತ್ತದೆ. ಅದೇ ದೊಡ್ಡ ಅನುಕೂಲ.

ಮೊದಲು ನಂಬರ್

2006ರ ಆಹಾರ ಸುರಕ್ಷತಾ ಕಾಯ್ದೆಯ ಪ್ರಕಾರ ತಳ್ಳುಗಾಡಿಯವರಿಗೂ ನೋಂದಣಿ ಬೇಕು, ದೊಡ್ಡ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನೋಂದಣಿ, ಲೈಸೆನ್ಸ್‌ಗೆಂದೇ ಇರುವ ಎಫ್‌ಎಸ್‌ಎಸ್‌ಎಐನ ಫಾಸ್ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ 14 ಅಂಕಿಯ ನಂಬರ್ ಸಿಗುತ್ತದೆ. ಅದು ಚಾಲ್ತಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಿ.

ನಿಮ್ಮ ಅಡುಗೆಮನೆಗೆ ನೀವೇ ಅಂಕ ಹಾಕಿ

ಹೋಟೆಲು, ಕೇಟರಿಂಗ್‌ನವರಿಗೆಂದೇ ಎಫ್‌ಎಸ್‌ಎಸ್‌ಎಐ ಒಂದು ತಪಾಸಣೆ ಪಟ್ಟಿ ಮಾಡಿದೆ. ಒಟ್ಟು 114 ಅಂಕ. ನಕ್ಷತ್ರದ ಗುರುತಿರುವ ಪ್ರಶ್ನೆಗಳಿಗೆ ಹೆಚ್ಚು ಅಂಕ. ಅವುಗಳಲ್ಲಿ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಕಷ್ಟ. ಆ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು, ಬೆಳಗಿನ ತಿಂಡಿಯ ರಶ್ ಇರುವಾಗಲೇ ಅಡುಗೆಮನೆಯಲ್ಲಿ ನಿಂತು ನೋಡಿ. ಮಧ್ಯಾಹ್ನ ಮೂರು ಗಂಟೆಗೆ ಎಲ್ಲ ಅಡುಗೆಮನೆಯೂ ಚೊಕ್ಕಟವಾಗಿಯೇ ಕಾಣುತ್ತದೆ.

ನೀರಿನಿಂದ ಶುರು ಮಾಡಿ. ನಲ್ಲಿಯಲ್ಲಿ ಬರುವುದು ಕಾವೇರಿ ನೀರೇ ಇರಬಹುದು, ಆದರೆ ಅದು ಸೇರುವುದು ನಿಮ್ಮ ಸಂಪಿನೊಳಗೆ. ಸಂಪು ತೊಳೆದು ಎಷ್ಟು ದಿನವಾಯಿತು? ಆರು ತಿಂಗಳಿಗೊಮ್ಮೆ ನೀರು ಪರೀಕ್ಷೆ ಮಾಡಿಸಿ, ವರದಿಯನ್ನು ಫೈಲಿನಲ್ಲಿಡಿ.

ಆಮೇಲೆ ಬಿಸಿ ಮತ್ತು ತಂಪು. ಬಿಸಿ ಪದಾರ್ಥ 60 ಡಿಗ್ರಿಗಿಂತ ಮೇಲಿರಬೇಕು, ತಂಪಿನದು 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗಿರಬೇಕು. ಈ ಎರಡರ ನಡುವೆಯೇ ಬ್ಯಾಕ್ಟೀರಿಯಾ ಬೇಗ ಬೆಳೆಯುವುದು. ನಮ್ಮ ಹೋಟೆಲುಗಳಲ್ಲಿ ಎಡವುವುದು ಎರಡು ಕಡೆ: ಕಾಯಿಚಟ್ನಿ ಮತ್ತು ಮಿಕ್ಕ ಅನ್ನ. ಚಟ್ನಿಯನ್ನು ಒಮ್ಮೆಗೇ ಬಕೆಟ್ ತುಂಬ ರುಬ್ಬಿ ಹೊರಗಿಡಬೇಡಿ. ಸ್ವಲ್ಪ ಸ್ವಲ್ಪವೇ ರುಬ್ಬಿಸಿ, ಉಳಿದದ್ದು ಫ್ರಿಜ್‌ನಲ್ಲಿರಲಿ. ಅನ್ನದ ವಿಷಯ ಇನ್ನೂ ಗಂಭೀರ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ರಾತ್ರಿಯೆಲ್ಲ ಹೊರಗಿದ್ದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಬೆಳಿಗ್ಗೆ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಹೋಗುವುದಿಲ್ಲ. ಅಂಥ ಅನ್ನದಲ್ಲಿ ಚಿತ್ರಾನ್ನ ಮಾಡಿ ಮಕ್ಕಳಿಗೆ ಬಡಿಸುವುದು ಸರಿಯಲ್ಲ, ಅಲ್ವಾ?

ಬೋಂಡಾ, ಮದ್ದೂರು ವಡೆ ಕರಿಯುವವರು ಬಾಂಡಲಿ ನೋಡಿಕೊಳ್ಳಿ. ಎಣ್ಣೆಯಲ್ಲಿ ಒಟ್ಟು ಪೋಲಾರ್ ಸಂಯುಕ್ತಗಳು, ಅಂದರೆ ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹುಟ್ಟುವ ಪದಾರ್ಥಗಳು, ಶೇ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. ಎಣ್ಣೆ ಕಪ್ಪಾಗಿ, ನೊರೆ ಬಂದು, ಬೇಗ ಹೊಗೆಯಾಡಿದರೆ ಬದಲಿಸಿ. ಹಳೆಯದರ ಮೇಲೆ ಹೊಸ ಎಣ್ಣೆ ಸುರಿಯುವ ಅಭ್ಯಾಸ ಬಿಡಿ. ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಹಾಳೆ ಬೇಡವೇ ಬೇಡ, ಬಟ್ಟೆಯೋ ಬಾಳೆಲೆಯೋ ಸಾಕು. ಗೋಬಿಗೆ ಬಣ್ಣವೂ ಬೇಡ. ರೋಡಮಿನ್-ಬಿ ಎಂಬ ಕೃತಕ ಬಣ್ಣದ ಬಳಕೆಯನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ.

ಭಟ್ಟರಿಗೆ, ಸಪ್ಲೈಯರ್‌ಗಳಿಗೆ, ಪಾತ್ರೆ ತೊಳೆಯುವವರಿಗೆ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಬೇಕು. ಕೈ ತೊಳೆಯುವ ಜಾಗದಲ್ಲಿ ಸೋಪು ಸದಾ ಇರಬೇಕು. ಜ್ವರ, ಭೇದಿ ಇದ್ದವರಿಗೆ ರಜೆ ಕೊಡಿ. ಸಂಬಳ ಹಿಡಿಯಬೇಡಿ; ಹಿಡಿದರೆ ಯಾರೂ ಕಾಯಿಲೆ ಹೇಳಿಕೊಳ್ಳುವುದಿಲ್ಲ.

ಅರ್ಜಿ ಮತ್ತು ತಪಾಸಣೆ

ಎಫ್‌ಎಸ್‌ಎಸ್‌ಎಐನ ಶುಚಿತ್ವ ರೇಟಿಂಗ್ ಪುಟದಲ್ಲಿ ನಿಮ್ಮ 14 ಅಂಕಿಯ ನಂಬರ್ ಕೊಟ್ಟು ಹೆಸರು ನೋಂದಾಯಿಸಿ. ರೇಟಿಂಗ್ ಕೊಡಲು ಬರುವವರು ಪ್ರಾಧಿಕಾರದ ಮಾನ್ಯತೆ ಪಡೆದ ಆಡಿಟ್ ಸಂಸ್ಥೆಯವರು. ಅವರ ಶುಲ್ಕ ನೀವೇ ಕೊಡಬೇಕು. ಒಂದೆರಡು ಸಂಸ್ಥೆಗಳಲ್ಲಿ ವಿಚಾರಿಸಿಯೇ ಒಪ್ಪಿಕೊಳ್ಳಿ. ಅವರು ಬರುವ ಹಿಂದಿನ ದಿನ ಸುಮ್ನೆ ಸುಣ್ಣ ಬಳಿದರೆ ಉಪಯೋಗವಿಲ್ಲ. ನೀರಿನ ವರದಿ, ಜಿರಳೆ–ಇಲಿ ನಿಯಂತ್ರಣದ ದಾಖಲೆ, ಕೆಲಸದವರ ತಪಾಸಣೆ ಪತ್ರ, ತರಬೇತಿ ಪತ್ರ ಎಲ್ಲವನ್ನೂ ಕೇಳುತ್ತಾರೆ. ಇವು ಒಂದೇ ದಿನದಲ್ಲಿ ಹುಟ್ಟುವುದಿಲ್ಲ.

ಪ್ರಮಾಣಪತ್ರ ಎಲ್ಲಿ ಹಾಕಬೇಕು?

ಗಿರಾಕಿ ಒಳಗೆ ಕಾಲಿಡುವಾಗಲೇ ಕಾಣುವಂತೆ ಹಾಕಿ. ದೇವರ ಫೋಟೋ ಹಿಂದೆಯೋ, ಕ್ಯಾಲೆಂಡರ್ ಕೆಳಗೋ ಅಲ್ಲ. ನಗುಮುಖ ಮೂರೇ ಬಂದರೂ ಹಾಕಿ. ಎಲ್ಲಿ ಅಂಕ ಹೋಯಿತೆಂದು ವರದಿಯಲ್ಲಿ ಇರುತ್ತದೆ. ಅದನ್ನು ಸರಿಪಡಿಸಿ ಮತ್ತೆ ತಪಾಸಣೆ ಮಾಡಿಸಿ.

ಗಿರಾಕಿಗಳಿಗೂ ಒಂದು ಮಾತು. 2022ರ ಜನವರಿ 1ರಿಂದ ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. ಊಟದಲ್ಲಿ, ಅಡುಗೆಮನೆಯಲ್ಲಿ ತೊಂದರೆ ಕಂಡರೆ ಮೊದಲು ಯಜಮಾನರಿಗೆ ಹೇಳಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ಬಿಲ್ಲು, ಫೋಟೋ ಇಟ್ಟುಕೊಂಡು ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ದೂರು ಕೊಡಿ. ಇಲ್ಲವೇ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ ಬರೆದು ಕೊಡಿ.