ಕೋಶಭಿತ್ತಿ ಬೇರೆ, ಕೋಶಪೊರೆ ಬೇರೆ: ಕೆಂಪು ಈರುಳ್ಳಿಲಿ ಕಣ್ಣಾರೆ ನೋಡೋದು ಹೇಗೆ

ಸಸ್ಯಕೋಶದ ಹೊರಗಿನ ಗಟ್ಟಿ ಕೋಶಭಿತ್ತಿ, ಅದರ ಒಳಗಿನ ತೆಳು ಕೋಶಪೊರೆ ಎರಡನ್ನೂ ಬಾಯಿಪಾಠ ಮಾಡಿ ಪರೀಕ್ಷೆಲಿ ಅದಲು ಬದಲು ಬರೆಯೋರು ತುಂಬಾ ಜನ, ಯಾಕಂದ್ರೆ ಪುಸ್ತಕದ ಚಿತ್ರದಲ್ಲಿ ಎರಡೂ ಅಕ್ಕಪಕ್ಕ ಅಂಟಿಕೊಂಡಿರೋ ಗೆರೆಗಳು ಅಷ್ಟೇ. ಅವೆರಡು ಬಿಟ್ಟುಕೊಳ್ಳೋದನ್ನ ಒಂದ್ಸಲ ನೋಡಿಬಿಟ್ರೆ ಮತ್ತೆ ಕನ್‌ಫ್ಯೂಸ್ ಆಗಲ್ಲ.

ಇದಕ್ಕೆ ಕೆಂಪು ಈರುಳ್ಳಿನೇ ಬೇಕು. ಒಣ ಸಿಪ್ಪೆ ತೆಗೆದು, ಒಳಗಿನ ದಪ್ಪ ಪದರ ಒಂದನ್ನ ತಗೊಂಡು, ಅದರ ಉಬ್ಬಿರೋ ಕಡೆಯಿಂದ ನೇರಳೆ ಬಣ್ಣದ ತೆಳು ಸಿಪ್ಪೇನ ಚಿಮಟದಲ್ಲಿ ಮೆಲ್ಲಗೆ ಎಳೀರಿ, ಉಗುರಿನಷ್ಟು ತುಂಡು ಸಾಕು. ಸ್ಲೈಡ್ ಮೇಲೆ ಒಂದು ಹನಿ ನೀರು, ಅದರಲ್ಲಿ ಆ ತುಂಡು ಮಡಚಿಕೊಳ್ಳದ ಹಾಗೆ ಹರಡಿ, ಕವರ್ ಸ್ಲಿಪ್‌ನ ಒಂದು ಅಂಚು ಮೊದಲು ತಾಗಿಸಿ ಓರೆಯಾಗಿ ನಿಧಾನಕ್ಕೆ ಇಳಿಸಿ. ದಬ್ಬಂತ ಹಾಕಿದ್ರೆ ಗಾಳಿಗುಳ್ಳೆ ಸೇರ್ಕೊಳ್ತವೆ, ಕಪ್ಪು ಅಂಚಿನ ಆ ಗುಂಡನೆ ಗುಳ್ಳೆಗಳನ್ನೇ ಜೀವಕೋಶ ಅಂತ ಬರೆದುಕೊಂಡವರಿದ್ದಾರೆ.

ಮೈಕ್ರೋಸ್ಕೋಪ್‌ನ 10x ಲೆನ್ಸ್‌ನಲ್ಲಿ ನೋಡಿ. ಇಟ್ಟಿಗೆ ಜೋಡಿಸಿದ ಹಾಗೆ ಕೋಶಗಳು, ಪ್ರತಿಯೊಂದರ ತುಂಬಾ ನೇರಳೆ ಬಣ್ಣ. ಆ ಬಣ್ಣ ಇರೋದು ರಸದಾನಿ, ಅಂದ್ರೆ ಕೋಶದೊಳಗಿನ ದೊಡ್ಡ ನೀರಿನ ಚೀಲ, ಅದರ ಒಳಗಿನ ನೀರಲ್ಲಿ.

ಈಗ 100 ಮಿಲೀ ನೀರಿಗೆ 5 ಗ್ರಾಂ ಉಪ್ಪು ಕರಗಿಸಿ, ಕವರ್ ಸ್ಲಿಪ್‌ನ ಒಂದು ಪಕ್ಕ ಒಂದೆರಡು ಹನಿ ಬಿಟ್ಟು ಎದುರು ಪಕ್ಕದಲ್ಲಿ ಬ್ಲಾಟಿಂಗ್ ಪೇಪರ್ ತಾಗಿಸಿ, ಅದು ಹೀರಿದ ಹಾಗೆ ಉಪ್ಪುನೀರು ಒಳಗೆ ಬರುತ್ತೆ. ಕಣ್ಣು ತೆಗೀಬೇಡಿ. ಸ್ವಲ್ಪ ಹೊತ್ತಲ್ಲೇ ಬಣ್ಣದ ಭಾಗ ಮೂಲೆಗಳಿಂದ ಬಿಟ್ಟುಕೊಂಡು ಒಳಕ್ಕೆ ಕುಗ್ಗುತ್ತೆ, ನೀರು ಹೊರಗೆ ಹೋದಷ್ಟೂ ಬಣ್ಣ ಗಾಢ ಆಗುತ್ತೆ, ಆದ್ರೆ ಹೊರಗಿನ ಚೌಕಟ್ಟು ಮಾತ್ರ ಇದ್ದಲ್ಲೇ ಇರುತ್ತೆ. ಅಲುಗದೆ ನಿಂತ ಚೌಕಟ್ಟೇ ಸೆಲ್ಯುಲೋಸ್‌ನ ಕೋಶಭಿತ್ತಿ, ಕುಗ್ಗಿದ ಚೀಲದ ಅಂಚೇ ಕೋಶಪೊರೆ. ಇದಕ್ಕೇ ಪ್ಲಾಸ್ಮೋಲಿಸಿಸ್ ಅನ್ನೋದು, ನೀರನ್ನ ಹೊರಗೆಳೆದಿದ್ದು ಅಭಿಸರಣೆ, ಅಂದ್ರೆ ಪೊರೆ ದಾಟಿ ನೀರು ಉಪ್ಪು ಜಾಸ್ತಿ ಇರೋ ಕಡೆಗೆ ಹೋಗೋದು.

ನಡುವಿನ ಖಾಲಿ ಜಾಗದಲ್ಲಿ ಏನಿದೆ ಅಂತ ಯೋಚನೆ ಮಾಡಿ. ಗಾಳಿ ಅಲ್ಲ, ಉಪ್ಪುನೀರೇ! ಭಿತ್ತಿ ಉಪ್ಪನ್ನ ತಡೆಯಲ್ಲ, ತಡೆಯೋದು ಪೊರೆ. ಇಡೀ ಪಾಠದಲ್ಲಿ ನಂಗೆ ತುಂಬಾ ಇಷ್ಟವಾದ ಜಾಗ ಇದು, ಎರಡಕ್ಕೂ ಇರೋ ವ್ಯತ್ಯಾಸ ಪೂರ್ತಿ ಇಲ್ಲೇ ಇದೆ.

ಅಯೋಡಿನ್ ಮಾತ್ರ ಈ ಸ್ಲೈಡ್‌ಗೆ ಹಾಕ್ಬೇಡಿ, ಕೋಶ ಸತ್ತುಹೋಗುತ್ತೆ, ಸತ್ತ ಪೊರೆ ಏನನ್ನೂ ತಡೆಯಲ್ಲ. ಕೋಶಕೇಂದ್ರ ನೋಡೋಕೆ ಬೇರೆ ತುಂಡಿಗೆ ಹಾಕಿ. 1665ರಲ್ಲಿ ರಾಬರ್ಟ್ ಹುಕ್ ಕಾರ್ಕ್‌ನಲ್ಲಿ ಕಂಡಿದ್ದೂ ಸತ್ತ ಕೋಶಗಳ ಖಾಲಿ ಭಿತ್ತಿಗಳನ್ನೇ.

ಕೊನೇಲಿ ತಡಮಾಡದೆ ಅದೇ ಥರ ಬರೀ ನೀರು ಹಾಯಿಸಿ. ಕುಗ್ಗಿದ ಚೀಲ ಮತ್ತೆ ಉಬ್ಬಿ ಭಿತ್ತಿಗೆ ತಾಗಿದ್ರೆ ಆ ಕೋಶ ಇನ್ನೂ ಬದುಕಿದೆ.